ಮೌನೌಷಧ ಖಂಡನೆ

ಮರದಿಂದ ಬಿದ್ದು ಕೈ ಮುರಿದುಕೊಂಡ ಹುಡುಗನನ್ನು ಯಾವ ಮನೆಯವರೂ ಮೂಲೆಯಲ್ಲಿ ಮಲಗಿಸಿ, "ಆದದ್ದು ಆಗಿಹೋಯಿತು, ಮರೆತುಬಿಡು" ಎಂದು ಹೇಳುವುದಿಲ್ಲ. ಒಳ್ಳೆಯ ವೈದ್ಯನಾರು, ಮೂಳೆ ಕೂಡಿಸುವುದರಲ್ಲಿ ಪಳಗಿದ ಕೈ ಯಾವುದು ಎಂದು ಹತ್ತು ಕಡೆ ವಿಚಾರಿಸುವರು. ಒಬ್ಬನಿಂದ ವಾಸಿಯಾಗದಿದ್ದರೆ ಇನ್ನೊಬ್ಬನ ಬಳಿಗೆ ಕರೆದೊಯ್ಯುವರು. ಅದೇ ಮನೆಯ ಮಗಳಾಗಲಿ ಮಗನಾಗಲಿ ದುರುಳನೊಬ್ಬನ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿ, ದೇಹದೊಡನೆ ಮನಸ್ಸೂ ಮುರಿದು ಬಂದಾಗ ಮಾತ್ರ ವಿಚಾರಣೆಯೂ ಇಲ್ಲ, ವೈದ್ಯನೂ ಇಲ್ಲ. ಮೌನವೊಂದನ್ನೇ ಮದ್ದೆಂದು ಅರೆದು ಕುಡಿಸುವರು. ಈ ಮೌನೌಷಧದ ಪಕ್ಷದವರು ಅವಿದ್ಯಾವಂತರೂ ಅಲ್ಲ, ಕ್ರೂರಿಗಳೂ ಅಲ್ಲ. ಬಹುಮಟ್ಟಿಗೆ ಓದುಬರಹ ಬಲ್ಲವರು, ಮಕ್ಕಳ ಮೇಲೆ ಅಂತಃಕರಣವುಳ್ಳವರು. ಆದಕಾರಣವೇ ಅವರ ವಾದವನ್ನು ಅಲಕ್ಷಿಸದೆ, ಪೂರ್ವಪಕ್ಷವಾಗಿ ಮುಂದಿಟ್ಟುಕೊಂಡು ಉತ್ತರಿಸಿ, ಬಳಿಕ ಯೋಗ್ಯ ಚಿಕಿತ್ಸೆಯ ಲಕ್ಷಣವನ್ನು ನಿರ್ಣಯಿಸತಕ್ಕದ್ದು.

ಮೊದಲು ವ್ಯಾಧಿಯ ವ್ಯಾಪ್ತಿ. "ಇಂತಹವು ಮರ್ಯಾದಸ್ಥರ ಮನೆಗಳಲ್ಲಿ ನಡೆಯುವುದಿಲ್ಲ" ಎನ್ನುವವರು ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. 13 ರಾಜ್ಯಗಳ 12,447 ಮಕ್ಕಳನ್ನು ಕೇಳಲಾಗಿ, ನೂರಕ್ಕೆ 53.22 ಮಂದಿ ಗಂಭೀರವೋ ಅಲ್ಪವೋ ಆದ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿರುವುದಾಗಿ ತಿಳಿಸಿದರು. ಅವರಲ್ಲಿ ಗಂಡುಮಕ್ಕಳೇ ನೂರಕ್ಕೆ 52.94. ಕರ್ನಾಟಕವು ಆ 13ರಲ್ಲಿ ಸೇರಿರಲಿಲ್ಲವೆಂದು ಕನ್ನಡಿಗರು ಸಮಾಧಾನಪಡಬೇಕಾಗಿಲ್ಲ. ನೆರೆಯ ಕೇರಳ, ಆಂಧ್ರ, ಗೋವೆ, ಮಹಾರಾಷ್ಟ್ರಗಳು ಸೇರಿದ್ದವು, ಗಡಿಯ ಕಲ್ಲುಗಳು ಇಂತಹ ಪಾಪವನ್ನು ತಡೆಯಲಾರವು. ದುರಾಚಾರಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗುವು ನಂಬಿದವರು. ಬಲಾತ್ಕಾರದ ಮೊಕದ್ದಮೆಗಳಲ್ಲಿ ಆರೋಪಿಗಳ ಪೈಕಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ನೊಂದವಳಿಗೆ ಗುರುತಿನವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊವಿನ ವಾರ್ಷಿಕ ವರದಿಗಳೂ ಸಾರುತ್ತ ಬಂದಿವೆ. ಬೇಲಿಯೇ ಎದ್ದು ಹೊಲ ಮೇಯುವ ಸಂಗತಿ ಇದು. ಮನೆಯೊಳಗೆ ಹುಟ್ಟುವ ವ್ಯಾಧಿಗೆ ಮನೆಯ ಮೌನವನ್ನೇ ಮದ್ದಾಗಿ ಕೊಡುವುದೆಂದರೆ ವ್ಯಾಧಿಗೆ ಪಥ್ಯದ ಊಟ ಬಡಿಸಿದಂತೆ.

ಮೊದಲನೆಯ ಪೂರ್ವಪಕ್ಷವು ಕುಲಮಾನದ್ದು. "ಮನೆಯ ಮಾತು ಹೊಸಿಲು ದಾಟಬಾರದು, ವೈದ್ಯನಿಗೆ ಹೇಳಿದರೆ ಊರಿಗೆ ಹೇಳಿದಂತೆ, ಹುಡುಗಿಯ ಬಾಳು ಹಾಳಾದೀತು" ಎಂಬುದು ಇದರ ಸ್ವರೂಪ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮಾನ ಹೋದದ್ದು ಯಾರದು? ಕಳವಾದ ಮನೆಯವನನ್ನು ಯಾರೂ ಕಳ್ಳನೆನ್ನುವುದಿಲ್ಲ. ಶಾಸ್ತ್ರದ ಹೆಸರು ಹೇಳಿ ನೊಂದವಳನ್ನು ಮೂಲೆಗೆ ತಳ್ಳುವವರು ವಸಿಷ್ಠ ಧರ್ಮಸೂತ್ರದ 28ನೆಯ ಅಧ್ಯಾಯವನ್ನು ತೆರೆದು ನೋಡಿದಂತೆ ಕಾಣುವುದಿಲ್ಲ. ಬಲಾತ್ಕಾರಕ್ಕೆ ಒಳಗಾದವಳನ್ನೂ ಕಳ್ಳರ ಕೈಗೆ ಸಿಕ್ಕಿದವಳನ್ನೂ ತ್ಯಜಿಸಕೂಡದೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಸ್ತ್ರೀಯರ ವಿಷಯದಲ್ಲಿ ಧರ್ಮಶಾಸ್ತ್ರಕಾರರು ಎಲ್ಲೆಡೆಯೂ ಉದಾರಿಗಳಾಗಿದ್ದರೆಂದು ಯಾರೂ ಹೇಳಲಾರರು. ಅಂತಹವರಿಗೇ ಸಮ್ಮತವಾಗದ ಬಹಿಷ್ಕಾರವನ್ನು ಇಂದಿನ ಪದವೀಧರರ ಮನೆಗಳಲ್ಲಿ ಸಂಪ್ರದಾಯವೆಂದು ಪಾಲಿಸುವುದು ಆಶ್ಚರ್ಯ.

ಇನ್ನು ಗುಟ್ಟು ಬಯಲಾಗುವ ಭಯ. ನೊಂದವರ ಗುರುತನ್ನು ಪ್ರಕಟಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ದಂಡಾರ್ಹ. ಹಿಂದಿನ ದಂಡಸಂಹಿತೆಯಲ್ಲಿಯೂ ಈ ನಿಯಮವಿತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದನ್ನು ರೋಗಿಯ ಹಕ್ಕಾಗಿ ಮಾಡಿದೆ. ಒಂದು ಅಪವಾದವನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ನೊಂದವರು 18 ವರ್ಷದೊಳಗಿನವರಾಗಿದ್ದರೆ, 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ, ವೈದ್ಯನೂ ಸಹ, ಪೊಲೀಸರಿಗೆ ತಿಳಿಸತಕ್ಕದ್ದು. ಪ್ರಾಯಸ್ಥರ ವಿಷಯದಲ್ಲಿ ದೂರು ಕೊಡುವ ಬಿಡುವ ನಿರ್ಧಾರವು ನೊಂದವರದೇ. ಯೋಗ್ಯನಾದ ಚಿಕಿತ್ಸಕನು ಈ ಭೇದವನ್ನು ಮೊದಲನೆಯ ಭೇಟಿಯಲ್ಲಿಯೇ ತಿಳಿಸುವನು. ಎಲ್ಲವನ್ನೂ ಹೇಳಿಸಿಕೊಂಡ ಮೇಲೆ ಕಾನೂನನ್ನು ನೆನಪಿಸುವವನು ಒಮ್ಮೆ ನಂಬಿ ಕೆಟ್ಟ ಮಗುವನ್ನು ಮತ್ತೊಮ್ಮೆ ನಂಬಿಸಿ ಕೆಡಿಸಿದಂತಾಯಿತು.

ಕುಲಮಾನದ ಪಕ್ಷಕ್ಕೆ ಒಂದು ಉಪಶಾಖೆಯುಂಟು. ಅದು ರಾಜಿಯ ಪಕ್ಷ. "ಕೂಡಿಸಿ ಮಾತಾಡಿಸೋಣ, ಕ್ಷಮೆ ಕೇಳಿಸೋಣ, ಹಿರಿಯರೆದುರು ಮುಗಿಸಿಬಿಡೋಣ" ಎನ್ನುವರು. 2020ರಲ್ಲಿ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು, ಹೆಂಗಸೊಬ್ಬಳ ಮಾನಭಂಗದ ಆರೋಪ ಹೊತ್ತವನು ಆಕೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂಬ ನಿಬಂಧನೆಯ ಮೇಲೆ ಜಾಮೀನು ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 18ರಂದು ಅದನ್ನು ರದ್ದುಗೊಳಿಸಿ, ಇಂತಹ ನಿಬಂಧನೆಗಳನ್ನು ಮುಂದೆ ಯಾರೂ ಹಾಕಕೂಡದೆಂದು ವಿಧಿಸಿತು. ನ್ಯಾಯಾಲಯದಲ್ಲಿ ರದ್ದಾದ ರಾಖಿಯನ್ನು ಮನೆಗಳಲ್ಲಿ ಇನ್ನೂ ಕಟ್ಟಿಸುತ್ತಲೇ ಇರುವರು. ಹಬ್ಬಕ್ಕೆ ಬಂದ ಅದೇ ಬಂಧುವಿಗೆ ಅದೇ ಹುಡುಗಿಯು ಮಣೆ ಹಾಕಿ, ಎಲೆಗೆ ಬಡಿಸಿ, ಕಾಲಿಗೆರಗಬೇಕು. ಎರಗದಿದ್ದರೆ "ಹಟಮಾರಿ" ಎನಿಸಿಕೊಳ್ಳಬೇಕು. ಗಾಯದ ಮೇಲೆ ಗಾಯ ಮಾಡಿದವನನ್ನೇ ಕೂರಿಸಿ, ಗಾಯವು ಏಕೆ ಮಾಯುವುದಿಲ್ಲವೆಂದು ಕೇಳುವ ವಿವೇಕಕ್ಕೆ ಏನೆನ್ನಬೇಕು?

ಎರಡನೆಯ ಪೂರ್ವಪಕ್ಷ: "ಕಾಲವೇ ವೈದ್ಯ. ಹಳೆಯದನ್ನು ಕೆದಕಬಾರದು. ಮದುವೆಯಾದರೆ ತಾನಾಗಿ ಸರಿಹೋಗುವುದು." ಕಾಲಕ್ರಮದಲ್ಲಿ ಅನೇಕರು ತಾವಾಗಿಯೇ ಚೇತರಿಸಿಕೊಳ್ಳುವರೆಂಬುದು ನಿಜ. ಎಲ್ಲರೂ ಚೇತರಿಸಿಕೊಳ್ಳುವರೆಂಬುದು ಮಾತ್ರ ಸುಳ್ಳು. ತರ್ಕವನ್ನು ಓದಿದವರು ಅನುಭವಕ್ಕೂ ಸ್ಮೃತಿಗೂ ಭೇದವನ್ನು ಬಲ್ಲರು. ಅನುಭವವು ಕಣ್ಣೆದುರಿನದು, ಸ್ಮೃತಿಯು ಅದು ಬಿಟ್ಟುಹೋದ ಸಂಸ್ಕಾರದಿಂದ ಹುಟ್ಟುವುದು, "ಅದು ಆಗ ನಡೆಯಿತು" ಎಂಬ ಮುದ್ರೆಯನ್ನು ಹೊತ್ತಿರುವುದು. ಘೋರವಾದ ಆಘಾತದಲ್ಲಿ ಈ ಮುದ್ರೆಯೇ ಬೀಳದೆ ಹೋಗಬಹುದು. ಆಗ ಹತ್ತು ವರ್ಷದ ಹಿಂದಿನದು ಸ್ಮೃತಿಯಾಗಿ ಬಾರದೆ ಅನುಭವವಾಗಿಯೇ ಬರುತ್ತದೆ. ಒಂದು ಬಗೆಯ ಅತ್ತರಿನ ವಾಸನೆ, ಮಹಡಿಯ ಮೆಟ್ಟಿಲ ಸದ್ದು, ಹಿಂದಿನಿಂದ ಹೆಗಲ ಮೇಲೆ ಬಿದ್ದ ಒಂದು ಕೈ, ಇಷ್ಟು ಸಾಕು. ಎದೆ ಹೊಡೆದುಕೊಂಡು, ಬೆವರಿ, ಮೈ ಮರಗಟ್ಟುವುದು. ನೊಂದವಳು ನೆನೆಸಿಕೊಳ್ಳುತ್ತಿಲ್ಲ, ಮತ್ತೊಮ್ಮೆ ಅಲ್ಲಿಯೇ ಇರುವಳು. "ಮರೆತುಬಿಡು" ಎಂಬ ಉಪದೇಶವು ಇಲ್ಲಿ ವ್ಯರ್ಥವೇಕೆಂದರೆ, ಸ್ಮೃತಿಯಾದದ್ದನ್ನು ಮಾತ್ರ ಮರೆಯಬಹುದು.

ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ನೊಂದ ಸ್ತ್ರೀಯರನ್ನು ಕಂಡು, ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ವಿದುಷಿಯರು 1974ರಲ್ಲಿಯೇ ಈ ಲಕ್ಷಣಗಳನ್ನು ಕ್ರಮವಾಗಿ ವರ್ಣಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ಪಿಟಿಎಸ್‌ಡಿ ಎಂಬ ಹೆಸರಿನಿಂದ ಆಘಾತೋತ್ತರ ವ್ಯಾಧಿಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ದೀರ್ಘಕಾಲ ಹಿಂಸೆಗೆ ಸಿಕ್ಕಿದವರಲ್ಲಿ ಕಾಣುವ ಜಟಿಲವಾದ ರೂಪವನ್ನು ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗವರ್ಗೀಕರಣವು, 2022ರಿಂದ ಜಾರಿಗೆ ಬಂದಂತೆ, ಬೇರೆಯಾಗಿಯೇ ಎಣಿಸಿದೆ. ಮೌನದ ಪಕ್ಷವು ಪಂಡಿತರನ್ನೂ ಬಿಟ್ಟಿಲ್ಲ. 1896ರಲ್ಲಿ ವಿಯೆನ್ನಾ ನಗರದ ವೈದ್ಯರ ಸಭೆಯಲ್ಲಿ ಫ್ರಾಯ್ಡ್ ಮಹಾಶಯನು, ತನ್ನ 18 ಮಂದಿ ಉನ್ಮಾದರೋಗಿಗಳ ವ್ಯಾಧಿಗೆ ಬಾಲ್ಯದ ಲೈಂಗಿಕ ದೌರ್ಜನ್ಯವೇ ಮೂಲವೆಂದು ಸಾರಿದನು. ಸಭೆಯು ತಣ್ಣಗೆ ಕುಳಿತಿತು. ಮರುವರ್ಷವೇ ಆತನು ಆ ಸಿದ್ಧಾಂತವನ್ನು ಬಿಟ್ಟನು. ಬರಬರುತ್ತ ಅಂತಹ ನೆನಪುಗಳಲ್ಲಿ ಬಹಳಷ್ಟನ್ನು ಕಲ್ಪನೆಯೆಂದೇ ಎಣಿಸಿದನು. ಅವನು ಬಿಟ್ಟದ್ದು ಸಕಾರಣವೋ ಅಲ್ಲವೋ ಎಂಬ ಚರ್ಚೆ ಇನ್ನೂ ನಡೆದಿದೆ. ಹೇಳಿಕೊಂಡವರ ಮಾತು ಅನೇಕ ವರ್ಷಗಳ ಕಾಲ ಸಂದೇಹಕ್ಕೆ ಗುರಿಯಾಯಿತೆಂಬುದರಲ್ಲಿ ಚರ್ಚೆಯಿಲ್ಲ.

ಮದುವೆಯನ್ನು ಚಿಕಿತ್ಸೆಯೆನ್ನುವುದಂತೂ ಇಬ್ಬರಿಗೆ ಅನ್ಯಾಯ. ಸ್ಪರ್ಶವೇ ಭಯವಾಗಿರುವವಳನ್ನು ಅಪರಿಚಿತನೊಡನೆ ಕೋಣೆಗೆ ಕಳುಹಿ ಭಯ ಬಿಡಿಸುವ ಉಪಾಯವು, ನೀರಿನಲ್ಲಿ ಮುಳುಗಿ ಬದುಕಿದವಳನ್ನು ಮತ್ತೆ ಕೆರೆಗೆ ನೂಕಿ ಈಜು ಕಲಿಸಿದಂತೆ.

ಮೂರನೆಯ ಪೂರ್ವಪಕ್ಷ: "ಪೂಜೆ, ಹರಕೆ, ಜಪಗಳು ಇರುವಾಗ ಮನೋವೈದ್ಯನೇಕೆ?" ಚರಕಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರಾಗಿ ಎಣಿಸಿದೆ. ಮೂರನೆಯದು ಅಹಿತವಾದ ವಿಷಯಗಳಿಂದ ಮನಸ್ಸನ್ನು ತಿರುಗಿಸಿ ಗೆಲ್ಲುವುದು. ದೈವದ ಆಶ್ರಯವೊಂದೇ ಸಾಕಾಗುತ್ತಿದ್ದರೆ ಆಚಾರ್ಯನು ಉಳಿದೆರಡನ್ನು ಹೇಳುವ ಶ್ರಮಪಡುತ್ತಿರಲಿಲ್ಲ. ನೊಂದವಳಿಗೆ ದೇವರ ಮುಂದೆ ಕುಳಿತರೆ ನೆಮ್ಮದಿಯಾಗುವುದಾದರೆ ಅವಶ್ಯವಾಗಿ ಕುಳಿತುಕೊಳ್ಳಲಿ. ಆದರೆ ಬೇವಿನ ಸೊಪ್ಪಿನಿಂದ ಹೊಡೆಯುವ, ಮೆಣಸಿನಕಾಯಿಯ ಹೊಗೆ ಹಾಕುವ, "ಮೈಮೇಲೆ ಬಂದಿದೆ" ಎಂದು ಕಟ್ಟಿಹಾಕುವ ಮಂತ್ರವಾದಿಯ ಕೈಗೆ ಒಪ್ಪಿಸುವುದು ದೈವಾಶ್ರಯವಲ್ಲ, ಎರಡನೆಯ ದೌರ್ಜನ್ಯ. ಮನೋರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು 2017ರ ಕಾಯಿದೆಯೇ ನಿಷೇಧಿಸಿದೆ.

ಹೀಗೆ ಪೂರ್ವಪಕ್ಷಗಳು ನಿರಸ್ತವಾದ ಮೇಲೆ ಯೋಗ್ಯ ಚಿಕಿತ್ಸೆ ಯಾವುದೆಂಬ ವಿಚಾರ. ಯಾವನೋ ಒಬ್ಬ ಸಮಾಲೋಚಕನ ಬಳಿಗೆ ಕಳುಹಿದರೆ ಕರ್ತವ್ಯ ಮುಗಿಯಿತೆಂಬ ಭ್ರಮೆಯೂ ಮೌನದಷ್ಟೇ ಅಪಾಯಕರ. ವೈದ್ಯ, ದ್ರವ್ಯ, ಉಪಸ್ಥಾತೃ ಅಂದರೆ ಶುಶ್ರೂಷೆಗೆ ನಿಂತವನು, ರೋಗಿ ಎಂದು ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವನು. ಈ ಅಳತೆಗೋಲು ಇಂದಿಗೂ ಮುರಿದಿಲ್ಲ.

ವೈದ್ಯನಿಗೆ ಶಾಸ್ತ್ರಪಾಂಡಿತ್ಯ, ಬಹುವಾಗಿ ಕಂಡ ಅನುಭವ, ದಕ್ಷತೆ, ಶೌಚ ಎಂಬ ನಾಲ್ಕು ಗುಣಗಳು ಬೇಕು. ಮನೋವೈದ್ಯನು ವೈದ್ಯಪದವಿಯ ಮೇಲೆ ವಿಶೇಷ ವ್ಯಾಸಂಗ ಮಾಡಿದವನು, ಔಷಧವನ್ನು ಕೊಡಬಲ್ಲನು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡಿರತಕ್ಕವನು. ಆದರೆ "ಆಪ್ತಸಮಾಲೋಚಕ" ಎಂಬ ಫಲಕವನ್ನು ನಾಲ್ಕು ವಾರದ ಶಿಬಿರ ಮುಗಿಸಿದವರೂ ತೂಗುಹಾಕಿಕೊಳ್ಳುವುದುಂಟು. ಆದಕಾರಣ ಕೇಳಿ ತಿಳಿಯಬೇಕು: ಏನು ಓದಿರುವಿರಿ? ಎಲ್ಲಿ ನೋಂದಾಯಿಸಿರುವಿರಿ? ಇಂತಹ ಆಘಾತಕ್ಕೆ ಒಳಗಾದವರಿಗೆ ಚಿಕಿತ್ಸೆ ಮಾಡಿದ ಅನುಭವವೆಷ್ಟು? ಯಾವ ಕ್ರಮವನ್ನು ಅನುಸರಿಸುವಿರಿ? ಈ ಪ್ರಶ್ನೆಗಳಿಗೆ ಸಿಟ್ಟಾಗುವವನು ಪರೀಕ್ಷೆಯಲ್ಲಿ ಅನುತ್ತೀರ್ಣನಾದನೆಂದೇ ತಿಳಿಯತಕ್ಕದ್ದು. ಪ್ರಾಣವನ್ನು ಮರಳಿ ತರುವ ವೈದ್ಯರು, ರೋಗವನ್ನೇ ತರುವ ವೈದ್ಯರು ಎಂದು ಚರಕನು ಎರಡು ವರ್ಗ ಮಾಡಿ, ಎರಡನೆಯವರು ರೋಗಿಯ ಸುದ್ದಿ ಕೇಳಿ ಓಡಿಬಂದು ಆತ್ಮಸ್ತುತಿಯನ್ನೂ ಪರವೈದ್ಯನಿಂದೆಯನ್ನೂ ಮಾಡುವರೆಂದಿರುವನು. "ಮೂರೇ ಭೇಟಿಯಲ್ಲಿ ಗುಣ" ಎಂದು ಜಾಹೀರಾತು ಹಾಕುವವರು ಈ ವರ್ಗದವರು.

ಶೌಚವೆಂದರೆ ಇಲ್ಲಿ ಕೈ ತೊಳೆಯುವುದಷ್ಟೇ ಅಲ್ಲ. "ನೀನೇಕೆ ಕೂಗಲಿಲ್ಲ? ಅಷ್ಟು ಹೊತ್ತಿನಲ್ಲಿ ಅಲ್ಲಿಗೇಕೆ ಹೋದೆ?" ಎಂದು ಕೇಳುವವನ ಮನಸ್ಸು ಶುಚಿಯಲ್ಲ. ಭಯದ ಪರಾಕಾಷ್ಠೆಯಲ್ಲಿ ಕೈಕಾಲು ಸ್ತಬ್ಧವಾಗಿ ಧ್ವನಿ ಉಡುಗುವುದು ಶರೀರಧರ್ಮ, ಅದು ಸಮ್ಮತಿಯಲ್ಲ. ಬಲಾತ್ಕಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ ಖಂಡಿಸಿತು. ಆದರೂ ನಿಲ್ಲದಿದ್ದುದರಿಂದ 2022ರ ಅಕ್ಟೋಬರ್ 31ರಂದು, ಅದನ್ನು ನಡೆಸುವವರು ದುರ್ನಡತೆಯ ಅಪರಾಧಿಗಳೆಂದು ತೀರ್ಪಿತ್ತಿತು. ವೈದ್ಯನ ಕೈಯೂ ಹಿಂಸೆಯಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಎರಡನೆಯ ಪಾದವಾದ ದ್ರವ್ಯವೆಂದರೆ ಇಲ್ಲಿ ಚಿಕಿತ್ಸೆಯ ಕ್ರಮ. ಸ್ಮೃತಿಯಾಗದೆ ಉಳಿದ ಅನುಭವವನ್ನು ಸ್ಮೃತಿಯನ್ನಾಗಿ ಮಾಡುವುದೇ ಪ್ರಮಾಣಸಿದ್ಧ ಕ್ರಮಗಳ ಸಾಮಾನ್ಯ ಧರ್ಮವೆನ್ನಬಹುದು. ಎಡ್ನಾ ಫೋವಾ ಎಂಬಾಕೆಯ ಕ್ರಮದಲ್ಲಿ, ಸುಮಾರು 8ರಿಂದ 15 ಭೇಟಿಗಳಲ್ಲಿ, ನಡೆದದ್ದನ್ನು ಸುರಕ್ಷಿತ ಸ್ಥಳದಲ್ಲಿ ಹಲವು ಸಲ ಹೇಳಿಸಿ, ನಿರಪಾಯವಾಗಿದ್ದರೂ ಭಯದಿಂದ ದೂರವಿಟ್ಟ ಸ್ಥಳಗಳನ್ನು ಮೆಲ್ಲಗೆ ಸಮೀಪಿಸುವಂತೆ ಮಾಡುವರು. ಪೆಟ್ರೀಷಿಯಾ ರೆಸಿಕ್ ಎಂಬಾಕೆಯ 12 ಭೇಟಿಗಳ ಕ್ರಮವು ಮೊದಲು ರೂಪುಗೊಂಡದ್ದೇ ಬಲಾತ್ಕಾರಕ್ಕೆ ಒಳಗಾದವರಿಗಾಗಿ. "ತಪ್ಪು ನನ್ನದೇ", "ಯಾರನ್ನೂ ನಂಬಲಾಗದು" ಎಂಬ ನಿಶ್ಚಯಗಳನ್ನು ಅದು ವಾದಕ್ಕೆಳೆದು ಪರೀಕ್ಷಿಸುತ್ತದೆ. ಫ್ರಾನ್ಸೀನ್ ಶಪೀರೊ 1989ರಲ್ಲಿ ಪ್ರಕಟಿಸಿದ ಇಎಂಡಿಆರ್ ಎಂಬುದರಲ್ಲಿ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಚಿಕಿತ್ಸಕನ ಬೆರಳನ್ನು ಕಣ್ಣಿನಿಂದ ಅನುಸರಿಸುವರು. ಕಣ್ಣಿನ ಚಲನೆಯೇ ಕಾರಣವೋ ಅಲ್ಲವೋ ಎಂಬ ವಾದವಿದ್ದರೂ ಫಲದ ವಿಷಯದಲ್ಲಿ ಸಾಕ್ಷ್ಯವಿದೆ. ಮಕ್ಕಳಿಗೆ ತಂದೆತಾಯಿಗಳನ್ನೂ, ಅವರು ಅಪರಾಧಿಗಳಲ್ಲದಿದ್ದರೆ, ಸೇರಿಸಿಕೊಂಡು ಮಾಡುವ ಬೇರೆಯ ಕ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ, ಆಘಾತವನ್ನೇ ಗುರಿಯಾಗಿಟ್ಟ ವಿಚಾರ-ವರ್ತನಾ ಚಿಕಿತ್ಸೆಯನ್ನೂ ಇಎಂಡಿಆರ್ ಕ್ರಮವನ್ನೂ ಶಿಫಾರಸು ಮಾಡಿ, ಆಘಾತವಾದ ಮೊದಲ ತಿಂಗಳಲ್ಲಿ ಬೆಂಜೊಡಯಾಜೆಪೀನ್ ವರ್ಗದ ನಿದ್ರೆಯ ಗುಳಿಗೆಗಳನ್ನು ಈ ಕ್ಲೇಶಕ್ಕೆ ಕೊಡಬಾರದೆಂದಿತು. ಗುಳಿಗೆಯ ಚೀಟಿಯೊಂದನ್ನೇ ಚಿಕಿತ್ಸೆಯೆಂದು ತಿಳಿದಿರುವ ಮನೆಗಳು ಇದನ್ನು ಗಮನಿಸಲಿ. ಖಿನ್ನತೆಯ ಔಷಧಗಳಿಗೆ ಸ್ಥಾನವುಂಟು. ಆದರೆ ಅದು ಊರುಗೋಲಿನ ಸ್ಥಾನ, ಕಾಲಿನದಲ್ಲ.

ಇಲ್ಲಿ ಎದುರಿನ ಅತಿರೇಕವನ್ನೂ ಖಂಡಿಸಬೇಕು. ಮೌನದ ಪಕ್ಷದವರು ಎಂದೂ ಹೇಳಬೇಡವೆಂದರೆ, ಆತುರದ ಪಕ್ಷದವರು ಈ ಕ್ಷಣವೇ ಎಲ್ಲವನ್ನೂ ಕಕ್ಕಿಬಿಡೆನ್ನುವರು. ಘಟನೆಯಾದೊಡನೆ ಒಂದೇ ಕೂಟದಲ್ಲಿ ಎಲ್ಲವನ್ನೂ ಹೇಳಿಸುವ ಕ್ರಮವನ್ನು ಪರೀಕ್ಷಿಸಿ ನೋಡಲಾಗಿ ಪ್ರಯೋಜನ ಕಾಣಲಿಲ್ಲ. ಕೆಲವರಿಗೆ ಕೇಡೇ ಆಗಿರಬಹುದೆಂದು ಕಂಡಿತು. ಜೂಡಿತ್ ಹರ್ಮನ್ 1992ರ ತನ್ನ ಗ್ರಂಥದಲ್ಲಿ ಚೇತರಿಕೆಗೆ ಮೂರು ಸೋಪಾನಗಳನ್ನು ಹೇಳಿರುವಳು: ಮೊದಲು ಸುರಕ್ಷತೆ, ಬಳಿಕ ಸ್ಮರಣೆ ಮತ್ತು ಶೋಕ, ಕೊನೆಗೆ ಲೋಕದೊಡನೆ ಮರುಸಂಬಂಧ. ಅಪರಾಧಿಯು ಅದೇ ಮನೆಯಲ್ಲಿ ಉಣ್ಣುತ್ತಿರುವಾಗ ಎರಡನೆಯ ಮೆಟ್ಟಿಲು ಹತ್ತಿಸುವುದು ಅವಿವೇಕ. ಸಮ್ಮೋಹನದಿಂದ ಮರೆತ ನೆನಪುಗಳನ್ನು ಎತ್ತಿಕೊಡುವೆವೆನ್ನುವವರಿಂದಲೂ ದೂರವಿರತಕ್ಕದ್ದು. ಸೂಚನೆಯ ಬಲದಿಂದ ನಡೆಯದಿದ್ದುದನ್ನೂ ನಡೆದಂತೆ ನೆನಪಿಸಬಹುದೆಂದು ಎಲಿಜಬೆತ್ ಲಾಫ್ಟಸ್ ಮೊದಲಾದವರ 1990ರ ದಶಕದ ಪ್ರಯೋಗಗಳು ತೋರಿಸಿವೆ. ಹಾಗೆ ಕಲಬೆರಕೆಯಾದ ಒಂದು ನೆನಪಿನಿಂದ ಸತ್ಯ ಹೇಳುವ ಸಾವಿರ ಮಂದಿಯ ಮಾತಿಗೆ ಕಳಂಕ. ಇನ್ನು "ಕ್ಷಮಿಸಿದರೆ ಮಾತ್ರ ಗುಣವಾಗುವುದು" ಎನ್ನುವ ಉಪದೇಶಕರು. ಕ್ಷಮೆಯು ಉಳ್ಳವರ ಭೂಷಣ; ಕಳೆದುಕೊಂಡವರಿಂದ ಬಲವಂತವಾಗಿ ವಸೂಲು ಮಾಡುವ ಕಂದಾಯವಲ್ಲ.

ಉಪಸ್ಥಾತೃವಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚಗಳು ಬೇಕು. ಮನೆಯವರ ಉಪಚಾರಜ್ಞಾನವು ಮೂರು ಮಾತುಗಳಲ್ಲಿದೆ: "ನಿನ್ನ ಮಾತನ್ನು ನಂಬುತ್ತೇವೆ, ತಪ್ಪು ನಿನ್ನದಲ್ಲ, ಮುಂದೇನು ಮಾಡಬೇಕೆಂದು ನಿನ್ನನ್ನು ಕೇಳಿಯೇ ಮಾಡುತ್ತೇವೆ." ಗಂಡುಮಕ್ಕಳಿಗೂ ಇದೇ ಮಾತು. "ಗಂಡಸಿಗೆ ಇದೆಲ್ಲ ಏನು" ಎಂಬ ನಗೆಯಿಂದ ಎಷ್ಟು ಹುಡುಗರ ಬಾಯಿ ಮುಚ್ಚಿದೆಯೆಂಬುದಕ್ಕೆ ಮೇಲೆ ಹೇಳಿದ ಅಂಕಿಯೇ ಸಾಕ್ಷಿ.

ನಾಲ್ಕನೆಯ ಪಾದವಾದ ರೋಗಿಯ ಗುಣಗಳಲ್ಲಿ ನಿರ್ಭಯತೆಯನ್ನೂ ತನ್ನ ವ್ಯಾಧಿಯನ್ನು ತಿಳಿಸಬಲ್ಲ ಶಕ್ತಿಯನ್ನೂ ಚರಕನು ಹೇಳಿರುವನು. ದೌರ್ಜನ್ಯವು ಮೊದಲು ಕಸಿದುಕೊಳ್ಳುವುದು ಇವೆರಡನ್ನೇ. ನೊಂದವಳ ಇಚ್ಛೆಯನ್ನು ಮೀರಿ ನಡೆದದ್ದೇ ಅಪರಾಧದ ತಿರುಳಾದುದರಿಂದ, ಇಚ್ಛೆಯನ್ನು ಮೀರಿ ನಡೆಸುವ ಯಾವ ಉಪಚಾರವೂ ಚಿಕಿತ್ಸೆಯಾಗಲಾರದು. ಚಿಕಿತ್ಸಕನು ಗಂಡೋ ಹೆಣ್ಣೋ, ಮಾತು ಕನ್ನಡದಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ, ಇಂದು ಹೇಳುವುದೆಷ್ಟು, ನಾಳೆಗೆ ಬಿಡುವುದೆಷ್ಟು, ಇವೆಲ್ಲ ಆಕೆಯ ಆಯ್ಕೆ. ಕೆಲವು ಭೇಟಿಗಳ ಬಳಿಕ ಮನಸ್ಸು ಒಗ್ಗದಿದ್ದರೆ ಬೇರೊಬ್ಬರನ್ನು ಹುಡುಕುವುದು ಚಾಂಚಲ್ಯವಲ್ಲ, ವಿವೇಕ. ಆರಂಭದಲ್ಲಿ ಕೆಲವು ದಿನ ಸಂಕಟ ಹೆಚ್ಚಾಗಬಹುದು. ಕೀವು ತೆಗೆಯುವಾಗಿನ ನೋವು ಬೇರೆ, ಹೊಸ ಗಾಯದ ನೋವು ಬೇರೆ. ಈ ಭೇದವನ್ನು ಚಿಕಿತ್ಸಕನು ಮೊದಲೇ ತಿಳಿಸಿರತಕ್ಕದ್ದು.

ಕಡೆಯ ಆಕ್ಷೇಪ: "ಇವೆಲ್ಲ ಬೆಂಗಳೂರಿನ ಸಿರಿವಂತರಿಗೆ." ಇದರಲ್ಲಿ ಅರ್ಧ ಸತ್ಯವಿದೆ. ನಿಮ್ಹಾನ್ಸ್ ಸಂಸ್ಥೆಯು ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ, ವಿವಿಧ ಮನೋವ್ಯಾಧಿಗಳಲ್ಲಿ ನೂರಕ್ಕೆ 70ರಿಂದ 92 ಮಂದಿ ರೋಗಿಗಳಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆದರೆ ಜಿಲ್ಲೆಗಳಿಗೆ ಇದು ಹೊಸದಲ್ಲ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದಕ್ಕೂ ಮೊದಲು ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಖರ್ಚಿಲ್ಲದೆ ಕರೆ ಮಾಡಬಹುದು. ಮಕ್ಕಳಿಗೆ 1098 ಇದೆ. ಬಲಾತ್ಕಾರಕ್ಕೂ ಪೋಕ್ಸೋ ಅಪರಾಧಗಳಿಗೂ ಗುರಿಯಾದವರಿಗೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಕೂಡಲೇ ಪ್ರಥಮ ಚಿಕಿತ್ಸೆಯನ್ನಾಗಲಿ ವೈದ್ಯಕೀಯ ಚಿಕಿತ್ಸೆಯನ್ನಾಗಲಿ ಉಚಿತವಾಗಿ ಕೊಡತಕ್ಕದ್ದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೆಯ ಕಲಮು ವಿಧಿಸಿದೆ. ಇರುವುದನ್ನು ಕೇಳಿ ಪಡೆಯದೆ, ಇಲ್ಲದುದನ್ನು ಹೋರಾಡಿ ತರಿಸದೆ, "ಸಿರಿವಂತರಿಗೆ" ಎಂದು ಕೈಕಟ್ಟಿ ಕೂರುವುದು ಮೌನದ ಇನ್ನೊಂದು ಹೆಸರಷ್ಟೆ. ಜಿಲ್ಲಾಸ್ಪತ್ರೆಯಲ್ಲಿ ಗುಳಿಗೆಯೊಡನೆ ಮಾತಿನ ಚಿಕಿತ್ಸೆಯನ್ನೂ ಬಲ್ಲವರು ಇರಬೇಕೆಂದು ವಿದ್ಯಾವಂತರು ಕೇಳದಿದ್ದರೆ ಮತ್ತಾರು ಕೇಳುವರು?

ಸಿದ್ಧಾಂತವಿಷ್ಟು: ನೊಂದವರ ಮಾನಕ್ಕೆ ಕುಂದಿಲ್ಲ. ವ್ಯಾಧಿಯು ನಿಜ, ಚಿಕಿತ್ಸೆಯೂ ನಿಜ. ಚಿಕಿತ್ಸಕನನ್ನು ಪರೀಕ್ಷಿಸಿ ಆರಿಸುವ ಅಧಿಕಾರವು ನೊಂದವರದು. ಆ ಅಧಿಕಾರಕ್ಕೆ ಕಾವಲಾಗಿ ನಿಲ್ಲುವುದು ಮನೆಯವರ ಧರ್ಮ. ಇಷ್ಟರ ಮೇಲೂ ಮೌನವೇ ಮೇಲೆಂಬವರು, ಆ ಮೌನದಿಂದ ಈವರೆಗೆ ಗುಣವಾದವರು ಯಾರು, ನಿಶ್ಚಿಂತೆಯಿಂದ ಹಬ್ಬದೂಟ ಉಂಡುಹೋದವರು ಯಾರು ಎಂದು ಲೆಕ್ಕ ಹಾಕಿ ನೋಡಲಿ. ಅಲಮತಿವಿಸ್ತರೇಣ.